ಭಾನುವಾರದ ಕನ್ನಡ ಕ್ಲಾಸಿಗೆ ದುಡ್ಡು ಎಲ್ಲಿಂದ? – ಓದುಗರ ಪ್ರಶ್ನೆಗೆ ಉತ್ತರ

ಡೊಂಬಿವಲಿಯಿಂದ ಓದುಗರೊಬ್ಬರು: ಅಕ್ಕಾ, ನಾವು ಐದಾರು ಜನ ಹೆಂಗಸರು ಸೊಸೈಟಿ ಹಾಲ್‌ನಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸ್ತೀವಿ. ಸಂಬಳ ಯಾರಿಗೂ ಇಲ್ಲ, ಪುಸ್ತಕ, ಝೆರಾಕ್ಸ್ ಎಲ್ಲ ನಮ್ಮ ಕೈಯಿಂದಾನೇ. ಈಗ ಹಾಲ್‌ಗೂ ಬಾಡಿಗೆ ಕೇಳ್ತಿದ್ದಾರೆ. ಕಂಪನಿಗಳು ಸಿಎಸ್‌ಆರ್ ಅಂತ ಸಮಾಜದ ಕೆಲಸಕ್ಕೆ ದುಡ್ಡು ಕೊಡ್ತಾವಂತೆ, ಕರ್ನಾಟಕ ಸರ್ಕಾರದಿಂದಲೂ ಸಿಗುತ್ತಂತೆ. ನಮ್ಮದು ರಿಜಿಸ್ಟರ್ ಆಗಿಲ್ಲ. ಮೊದಲು ಅದನ್ನೇ ಮಾಡಿಸ್ಬೇಕಾ?

ಉತ್ತರ: ಅವಸರ ಬೇಡ ಮಾರಾಯ್ರೆ. ಮೊದಲು ವರ್ಷಕ್ಕೆ ಎಷ್ಟು ಬೇಕು ಅಂತ ಒಂದು ಹಾಳೇಲಿ ಬರೀರಿ, ಬಾಡಿಗೆ, ಪುಸ್ತಕ, ಬೋರ್ಡು, ಮಕ್ಕಳಿಗೆ ಕೊಡೋ ಬಿಸ್ಕೆಟ್ಟಿನವರೆಗೂ. ಬರೆದು ನೋಡಿದ್ರೆ ನಿಮಗೆ ಬೇಕಾಗಿರೋದು ಲಕ್ಷಗಟ್ಟಲೆ ಅಲ್ಲ ಅಂತ ಗೊತ್ತಾಗುತ್ತೆ, ಅಷ್ಟಕ್ಕೆ ಕಂಪನಿ ಬಾಗಿಲಿಗೆ ಹೋಗೋದು ಸುಮ್ನೆ ಸುಸ್ತು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2 ಇಂಥ ಕೆಲಸಕ್ಕೆ ಖರ್ಚು ಮಾಡ್ಬೇಕು ನಿಜ, ಆದ್ರೆ ಆ ದುಡ್ಡು ತಗೊಳ್ಳೋ ಸಂಸ್ಥೆ ರಿಜಿಸ್ಟರ್ ಆಗಿರ್ಬೇಕು, 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ) ನೋಂದಣಿ ಇರ್ಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಫಾರ್ಮ್ ತುಂಬಿ ನೋಂದಣಿ ನಂಬರ್ರೂ ತಗೊಂಡಿರ್ಬೇಕು.

ರಿಜಿಸ್ಟ್ರೇಶನ್ ಕಷ್ಟ ಅಂತಲ್ಲ. 1860ರ ಸೊಸೈಟಿ ಕಾಯ್ದೆಗೆ ಏಳು ಜನ ಸಾಕು. ಆದ್ರೆ ಮಹಾರಾಷ್ಟ್ರದಲ್ಲಿ ಅಷ್ಟಕ್ಕೇ ಮುಗಿಯಲ್ಲ, 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆ ಕೆಳಗೂ ನೋಂದಾಯಿಸ್ಬೇಕು, ಮುಂಬಯಿಯವರಿಗೆ ವರ್ಲಿಯ ಚಾರಿಟಿ ಕಮಿಷನರ್ (ಟ್ರಸ್ಟುಗಳನ್ನ ನೋಡ್ಕೊಳ್ಳೋ ಸರ್ಕಾರಿ ಅಧಿಕಾರಿ) ಆಫೀಸು, ನಿಮಗೆ ಠಾಣೆ. ಆಮೇಲೆ ಪ್ರತಿ ವರ್ಷ ಲೆಕ್ಕ ಕೊಡ್ಬೇಕು, ಒಬ್ಬ ಟ್ರಸ್ಟಿ ಬದಲಾದ್ರೂ 90 ದಿನದೊಳಗೆ ಚೇಂಜ್ ರಿಪೋರ್ಟ್ ಹಾಕ್ಬೇಕು. ಅಕ್ಷರ ಕಲಿಸೋಕೆ ಅಂತ ಭಾನುವಾರದ ನಿದ್ದೆ ಬಿಟ್ಟು ಬರೋ ಹೆಂಗಸರು ಸಿಎ ಆಫೀಸು, ಕಮಿಷನರ್ ಆಫೀಸು ಅಂತ ಓಡಾಡೋದ್ರಲ್ಲೇ ಸೋತು ಹೋಗ್ಬಾರ್ದು, ನನಗೆ ಅದೇ ಚಿಂತೆ.

ಅದರ ಬದಲು ಹತ್ತಿರದ ಒಂದು ಹಳೇ ಸಂಘದ ಕೆಳಗೆ ಸೇರ್ಕೊಳ್ಳಿ. ನಮ್ಮ ಮುಂಬಯಿಗೆ ಸಂಘಗಳಿಗೇನು ಬರ, ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದ್ದು, ನಿಮ್ಮ ಡೊಂಬಿವಲಿಯಲ್ಲೂ ಕನ್ನಡ ಸಂಘ ಇದೆ, ಒಂದೊಂದು ಜಾತಿ ಸಮಾಜಕ್ಕೂ ಒಂದೊಂದು ಸಂಘ ಇದೆ. "ನಮ್ಮ ಕ್ಲಾಸನ್ನ ನಿಮ್ಮ ಉಪಸಮಿತಿ ಅಂತ ಮಾಡ್ಕೊಳ್ಳಿ, ದುಡ್ಡು ನಿಮ್ಮ ಖಾತೆಗೆ ಬರ್ಲಿ, ರಸೀದಿ ನಿಮ್ಮದೇ ಇರ್ಲಿ, ಖರ್ಚಿನ ಬಿಲ್ ನಾವು ಕೊಡ್ತೀವಿ" ಅಂತ ಕೇಳಿ. ಒಪ್ಪಿದ್ರೆ ಕಮಿಟಿ ಮೀಟಿಂಗಲ್ಲಿ ಠರಾವು ಬರೆಸಿ, ಅಧ್ಯಕ್ಷರು ಬದಲಾದ ಮೇಲೆ ಬಾಯಿಮಾತು ಉಳಿಯಲ್ಲ. ಸಂಘಕ್ಕೆ 80ಜಿ ಇದ್ರೆ ಕೊಡೋರಿಗೂ ಉಪಯೋಗ, ಆದ್ರೆ 2,000ಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ರೆ ಆ ವಿನಾಯಿತಿ ಸಿಗಲ್ಲ, ಹೊಸ ಟ್ಯಾಕ್ಸ್ ರಿಜೀಮ್‌ನಲ್ಲಿ ಇರೋರಿಗಂತೂ ಇಲ್ವೇ ಇಲ್ಲ, ಇದನ್ನ ಕೊಡೋರಿಗೆ ಮೊದ್ಲೇ ಹೇಳಿಬಿಡಿ. ಕರ್ನಾಟಕದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘಸಂಸ್ಥೆಗಳಿಗೆ ಧನಸಹಾಯ ಕೊಡುತ್ತೆ, ಅದಕ್ಕೂ ನೋಂದಣಿ, ಆಡಿಟ್ ಆದ ಲೆಕ್ಕ ಬೇಕು, ಹಾಗಾಗಿ ಸಂಘದ ಹೆಸರಲ್ಲೇ ಅರ್ಜಿ ಹಾಕಿಸಿ, ಅದು ಬರುತ್ತೆ ಅಂತ ಕೈಕಟ್ಟಿ ಕೂರ್ಬೇಡಿ.

ಈ ವರ್ಷದ ದುಡ್ಡಿಗೆ ಅಕ್ಕಪಕ್ಕದವರನ್ನೇ ಕೇಳಿ. 2009ರಲ್ಲಿ ಬೋಸ್ಟನ್‌ನಲ್ಲಿ ಆಸಮ್ ಫೌಂಡೇಶನ್ ಅಂತ ಶುರುವಾಯ್ತು, ಹತ್ತು ಜನ ತಿಂಗಳಿಗೆ ನೂರು ನೂರು ಡಾಲರ್ ಹಾಕಿ ಸಾವಿರ ಡಾಲರನ್ನ ಒಂದು ಒಳ್ಳೇ ಐಡಿಯಾಕ್ಕೆ ಕೊಡೋದು, ಆಮೇಲೆ ಅದರ ಮೇಲೆ ಹಕ್ಕು ಕೇಳಲ್ಲ. ಬಿಲ್ಡಿಂಗಲ್ಲಿ ಭಿಶಿ (ತಿಂಗಳ ಚೀಟಿ) ನಡೆಸೋ ನಿಮಗೆ ಇದು ಹೊಸದಾ? ಹತ್ತು ಮನೆ ತಿಂಗಳಿಗೆ 500 ಹಾಕಿದ್ರೆ ವರ್ಷಕ್ಕೆ 60,000 ಆಯ್ತು. ಒಂದೇ ಎಚ್ಚರಿಕೆ, ಸಂಘದ ಆಸರೆ ಇಲ್ದೆ ಊರೆಲ್ಲಾ ತಿರುಗಿ ವಂತಿಗೆ ಎತ್ಬೇಡಿ, ಗಣಪತಿ ಮಂಡಳದವರು ಕೂಡ ಅದಕ್ಕೆ ಚಾರಿಟಿ ಕಮಿಷನರ್ ಹತ್ರ ಅದೇ ಟ್ರಸ್ಟ್ ಕಾಯ್ದೆಯ 41ಸಿ ಕಲಮಿನ ಪರವಾನಗಿ ತಗೊಳ್ತಾರೆ.

ಪುಣೆಯಿಂದ ಐಟಿ ಉದ್ಯೋಗಿ: ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗೆ ಶನಿವಾರ ಪಾಠ ಹೇಳ್ತೀವಿ. ಅಮೆರಿಕದ ಗೆಳೆಯ ದುಡ್ಡು ಕಳಿಸ್ತೀನಿ ಅಂತಾನೆ, ನನ್ನ ಅಕೌಂಟಿಗೇ ಹಾಕಿಸ್ಲಾ?

ಉತ್ತರ: ತಡೀರಿ, ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಕೇಳಿ. ಭಾರತದ್ದೇ ಆಗಿದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಲೆಕ್ಕಕ್ಕೆ ಬರಲ್ಲ, ಆಗಲೂ ನಿಮ್ಮ ಸಂಬಳದ ಖಾತೆ ಬೇಡ, ರಿಜಿಸ್ಟರ್ ಆದ ಸಂಸ್ಥೆಯ ಖಾತೆಗೇ ಹಾಕಿಸಿ. ಅಮೆರಿಕದ ಪೌರರಾಗಿದ್ರೆ, ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡೋದು) ಇದ್ರೂ ಸರಿ, ದುಡ್ಡು ತಗೊಳ್ಳೋ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು. ಅದಕ್ಕೆ ಸಾಮಾನ್ಯವಾಗಿ ಸಂಸ್ಥೆಗೆ ಮೂರು ವರ್ಷ ಆಗಿರ್ಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರ್ಬೇಕು. ಎಫ್‌ಸಿಆರ್‌ಎ ಇರೋ ಇನ್ನೊಂದು ಸಂಸ್ಥೆಗೆ ಹಾಕಿಸಿ ಅಲ್ಲಿಂದ ತಗೊಳ್ತೀವಿ ಅನ್ನೋದೂ 2020ರಿಂದ ನಡೆಯಲ್ಲ. ಅಂಥ ಸಂಸ್ಥೆ ನಿಮ್ಮ ಕ್ಲಾಸನ್ನ ತನ್ನದೇ ಕಾರ್ಯಕ್ರಮವಾಗಿ ನಡೆಸೋಕೆ ಒಪ್ಪಿದ್ರೆ ಮಾತ್ರ ದಾರಿ ಇದೆ. ಅದಕ್ಕಿಂತ ಮೊದಲು ನಿಮ್ಮ ಎಚ್‌ಆರ್‌ನ ಕೇಳಿ, ನೌಕರರು ಕೊಟ್ಟಷ್ಟೇ ಕಂಪನಿಯೂ ಸೇರಿಸಿ ಕೊಡೋ ಪದ್ಧತಿ ಎಷ್ಟೋ ಕಡೆ ಇದೆ.

ವಾಸ್ಕೋದಿಂದ ಓದುಗರು: ಅನುದಾನ ಸಿಕ್ತು, ಲೆಕ್ಕ ಹೇಗೆ ಕೊಡೋದು?

ಉತ್ತರ: ದುಡ್ಡು ಬಂದ ದಿನವೇ ಬೇರೆ ಪುಸ್ತಕ ಶುರು ಮಾಡಿ. ಯಾವ ಬಾಬ್ತಿಗೆ ಕೊಟ್ರೋ ಅದಕ್ಕೇ ಖರ್ಚು ಮಾಡಿ, ಪುಸ್ತಕಕ್ಕೆ ಅಂತ ಬಂದಿದ್ದು ಮೈಕ್ ಬಾಡಿಗೆಗೆ ಹೋಗ್ಬಾರ್ದು, ಬದಲಾಯಿಸ್ಲೇಬೇಕಾದ್ರೆ ಮೊದ್ಲೇ ಬರೆದು ಕೇಳಿ. ಬಿಲ್ ಸಂಘದ ಹೆಸರಲ್ಲಿರ್ಲಿ. ಕೊನೆಗೆ ಸಿಎ ಸಹಿ ಹಾಕಿದ ಯುಟಿಲೈಜೇಶನ್ ಸರ್ಟಿಫಿಕೇಟ್ (ದುಡ್ಡು ಹೇಗೆ ಬಳಸಿದ್ರಿ ಅನ್ನೋ ಪತ್ರ) ಕೇಳ್ತಾರೆ, ಉಳಿದ ದುಡ್ಡು ಎಷ್ಟೇ ಸಣ್ಣದಿರ್ಲಿ ಅದರಲ್ಲಿ ತೋರಿಸಿ.