ಅರವತ್ತು ಗೋಲು ಬೊಗಳೆಯಲ್ಲ

ಓದುಗರ ಪತ್ರ: ಇಂಗ್ಲೆಂಡ್‌ನ ಎವರ್ಟನ್ ಫುಟ್‌ಬಾಲ್ ಕ್ಲಬ್‌ನ ಡಿಕ್ಸಿ ಡೀನ್ ಒಂದೇ ಸೀಸನ್‌ನಲ್ಲಿ 60 ಗೋಲು ಹೊಡೆದ ಎಂದು ಬರೆದಿದ್ದೀರಿ. ಈಗಿನ ಆಟಗಾರ ಎರ್ಲಿಂಗ್ ಹಾಲೆಂಡ್ ಸೀಸನ್‌ನಲ್ಲಿ 36 ಹೊಡೆದಿದ್ದಕ್ಕೇ ದಾಖಲೆ ಅಂದರು. ಆ ಕಾಲದ ಡಿಫೆಂಡರ್‌ಗಳು ಅಷ್ಟು ಪೆದ್ದರಾ? ಡೀನ್ ದುಡ್ಡೆಷ್ಟು ಮಾಡಿದ?

ಸಂಪಾದಕರ ಉತ್ತರ: ಹಾಲೆಂಡ್‌ದು ಪ್ರೀಮಿಯರ್ ಲೀಗ್, ಅಂದರೆ ಇಂಗ್ಲೆಂಡ್‌ನ ಈಗಿನ ಅಗ್ರ ಲೀಗ್‌ನ ದಾಖಲೆ. ಆ ಲೀಗ್ ಶುರುವಾಗಿದ್ದೇ 1992ರಲ್ಲಿ. ಇಂಗ್ಲೆಂಡ್‌ನಲ್ಲಿ ಲೀಗ್ ಫುಟ್‌ಬಾಲ್ 1888ರಿಂದ ಇದೆ, ಟಿವಿಯವರು ಅದನ್ನು ಮರೆತೇಬಿಡುತ್ತಾರೆ.

ಆದರೂ ನಿಮ್ಮ ಅನುಮಾನ ಸುಮ್ನೆ ಬಂದದ್ದಲ್ಲ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅಲ್ಲಿಯವರೆಗೆ ಪಾಸ್ ಪಡೆಯುವವನಿಗೂ ಗೋಲ್ ಗೆರೆಗೂ ನಡುವೆ ಎದುರಾಳಿಗಳು ಮೂವರಿರಬೇಕಿತ್ತು, ಇಲ್ಲದಿದ್ದರೆ ಆಫ್‌ಸೈಡ್ ಎಂದು ಆಟ ನಿಲ್ಲಿಸುತ್ತಿದ್ದರು. ಆಮೇಲೆ ಇಬ್ಬರಿದ್ದರೆ ಸಾಕಾಯಿತು. ಡಿಫೆಂಡರ್‌ಗಳು ಈ ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಎಲ್ಲ ಕಡೆ ಗೋಲುಗಳ ಸುರಿಮಳೆ. 1926-27ರಲ್ಲಿ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ ಎರಡನೇ ಡಿವಿಷನ್‌ನಲ್ಲಿ (ಅಗ್ರ ದರ್ಜೆಗಿಂತ ಒಂದು ಮೆಟ್ಟಿಲು ಕೆಳಗೆ) 59 ಹೊಡೆದ. ಮರುವರ್ಷ ಡೀನ್ ಅಗ್ರ ದರ್ಜೆಯಾದ ಮೊದಲನೇ ಡಿವಿಷನ್‌ನಲ್ಲೇ 60 ಹೊಡೆದ, ಅದೂ 39 ಪಂದ್ಯಗಳಲ್ಲಿ. ನಿಯಮ ಎಲ್ಲರಿಗೂ ಒಂದೇ ಅಲ್ವಾ? ಮಿಕ್ಕವರು ಯಾಕೆ ಹೊಡೆಯಲಿಲ್ಲ?

ಕೊನೆಗೆ ಎರಡೇ ಪಂದ್ಯ ಉಳಿದಿದ್ದಾಗ, ಕ್ಯಾಮ್ಸೆಲ್‌ನ 59 ದಾಟಲು ಡೀನ್‌ಗೆ ಏಳು ಗೋಲು ಬೇಕಿತ್ತು. ಬರ್ನ್‌ಲಿ ವಿರುದ್ಧ ನಾಲ್ಕು ಬಂದವು. 1928ರ ಮೇ 5ರಂದು ಎವರ್ಟನ್‌ನ ಆಗಿನ ಮೈದಾನ ಗೂಡಿಸನ್ ಪಾರ್ಕ್‌ನಲ್ಲಿ ಆರ್ಸೆನಲ್ ಎದುರು ಎರಡು ಬೇಗ ಬಂದವು, ಮೂರನೆಯದು ಬರಲೊಲ್ಲದು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇದ್ದಾಗ ಜೊತೆ ಆಟಗಾರ ಅಲೆಕ್ ಟ್ರೂಪ್ ಕಾರ್ನರ್ ಕಿಕ್ ತೆಗೆದ, ಡೀನ್ ತಲೆಯಿಂದ ಚೆಂಡನ್ನು ಗೋಲಿಗೆ ಹೊಡೆದ. ಅರವತ್ತಾಯಿತು. ಇದೇ ತಲೆ 1926ರ ಮೋಟಾರ್‌ಸೈಕಲ್ ಅಪಘಾತದಲ್ಲಿ ಬಿರುಕು ಬಿಟ್ಟಿತ್ತು. ದವಡೆಯೂ ಮುರಿದಿತ್ತು, ಇನ್ನು ಆಡುವುದು ಕಷ್ಟ ಅಂದಿದ್ದರು ಡಾಕ್ಟರುಗಳು.

ಡೀನ್ ಹುಟ್ಟಿದ್ದು ಎವರ್ಟನ್ ಕ್ಲಬ್ ಇರುವ ಲಿವರ್‌ಪೂಲ್‌ಗೆ ಎದುರು, ಮರ್ಸಿ ನದಿಯ ಆಚೆ ದಡದ ಬರ್ಕನ್‌ಹೆಡ್‌ನಲ್ಲಿ. ಅಪ್ಪ ರೈಲ್ವೆ ಕೆಲಸಗಾರ. ಹುಡುಗ ಮೊದಲು ಆಡಿದ್ದು ಊರಿನದೇ ಕ್ಲಬ್ ಟ್ರ್ಯಾನ್‌ಮಿಯರ್ ರೋವರ್ಸ್‌ಗೆ. 18ನೇ ವಯಸ್ಸಿಗೆ, 3,000 ಪೌಂಡ್ ವರ್ಗಾವಣೆ ಶುಲ್ಕಕ್ಕೆ (ಅದು ಕ್ಲಬ್‌ಗೆ ಹೋಗುವ ಹಣ), ಚಿಕ್ಕಂದಿನಿಂದ ಮೆಚ್ಚಿದ್ದ ಎವರ್ಟನ್‌ಗೆ ಬಂದ. ನದಿ ದಾಟಿದ, ಅಷ್ಟೇ! 1930ರಲ್ಲಿ ಎವರ್ಟನ್ ಎರಡನೇ ಡಿವಿಷನ್‌ಗೆ ಬಿತ್ತು. ಆಗಲೂ ಬಿಟ್ಟು ಹೋಗಲಿಲ್ಲ. ಮರುವರ್ಷ ಮೇಲೆ ಬಂದರು, 1932ರಲ್ಲಿ ಲೀಗ್ ಗೆದ್ದರು, 1933ರಲ್ಲಿ ಎಫ್‌ಎ ಕಪ್, ಅಂದರೆ ಇಂಗ್ಲೆಂಡ್‌ನ ನಾಕೌಟ್ ಪಂದ್ಯಾವಳಿ. ನನ್ನ ಮಟ್ಟಿಗೆ 60 ಗೋಲಿಗಿಂತ ಇದೇ ದೊಡ್ಡದು.

ಇನ್ನು ದುಡ್ಡು. ಆಗ ಆಟಗಾರರ ಸಂಬಳಕ್ಕೇ ಮಿತಿ ಇತ್ತು, ಸೀಸನ್‌ನಲ್ಲಿ ವಾರಕ್ಕೆ 8 ಪೌಂಡ್. ಎಷ್ಟು ಗೋಲು ಹೊಡೆದರೂ ಸಂಬಳ ಅದಕ್ಕಿಂತ ಜಾಸ್ತಿ ಆಗುತ್ತಿರಲಿಲ್ಲ. ಎವರ್ಟನ್‌ಗೆ ಒಟ್ಟು 383 ಗೋಲು ಹೊಡೆದವನು ಆಟ ಬಿಟ್ಟ ಮೇಲೆ ಚೆಸ್ಟರ್‌ನಲ್ಲಿ ಪಬ್ ನಡೆಸಿದ.