ನಾಯಿಗೆ ಹೆದರುವ ಮಗುವಿಗೆ ಮನೆಗೆ ಬಂದ ಹೊಸ ಮರಿಯ ರೂಢಿ ಮಾಡಿಸುವುದು ಹೇಗೆ?

ಮರಿಯನ್ನು ಮಗುವಿನ ಹತ್ತಿರ ಒಯ್ಯಬೇಡಿ, ಮಗುವೇ ತನ್ನಷ್ಟಕ್ಕೆ ಮರಿಯ ಹತ್ತಿರ ಬರಲಿ. ಎಷ್ಟು ದೂರ ಕೂರಬೇಕು, ಯಾವಾಗ ಎದ್ದು ಹೋಗಬೇಕು ಎಂಬುದು ಮಗುವಿನ ಕೈಯಲ್ಲೇ ಇರಲಿ.

ಹೆದರಿ ಓಡಿದಾಗ ತಕ್ಷಣ ಹಾಯೆನಿಸುತ್ತದೆ. ಆ ಹಾಯೇ ‘ಓಡಿದ್ದಕ್ಕೆ ಉಳಿದೆ’ ಎಂದು ಮನಸ್ಸಿಗೆ ಕಲಿಸಿ ಹೆದರಿಕೆಯನ್ನು ಗಟ್ಟಿ ಮಾಡುತ್ತದೆ. ಮರಿ ಕಾಣುವಷ್ಟು ದೂರದಲ್ಲಿ, ಎದೆಬಡಿತ ತಾನಾಗಿ ಇಳಿಯುವವರೆಗೆ ಕೂತರೆ ‘ಏನೂ ಆಗಲಿಲ್ಲ’ ಎಂಬುದು ಮನಸ್ಸಿಗೆ ನಾಟುತ್ತದೆ. ‘ಏನೂ ಮಾಡೂದಿಲ್ಲ, ತಗೋ’ ಎಂದು ಮರಿಯನ್ನು ಮಡಿಲಿಗೇ ಹಾಕುವ ನಮ್ಮ ಧಾರವಾಡದ ಕಾಕಾ-ಮಾಮಾಗಳ ಪದ್ಧತಿ ಇದಕ್ಕೆ ಪೂರ್ತಿ ಉಲ್ಟಾ.

ಮರಿಯನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ, ಮಗು ಕಟ್ಟೆಯ ಮೇಲಿಂದ ರೊಟ್ಟಿಯ ಚೂರು ಎಸೆಯಲಿ. ಬರಬರುತ್ತ ಮಗು ತಾನೇ ಕಟ್ಟೆ ಇಳಿಯುತ್ತದೆ. ಮುಟ್ಟುವಾಗ ಮೊದಲು ಬೆನ್ನು, ತಲೆಯಲ್ಲ.

ಒಂದು ಮಾತು ಮೊದಲೇ ಹೇಳಿಡಿ: ಹಲ್ಲು ಬದಲಾಗುವ 3ರಿಂದ 6 ತಿಂಗಳ ವಯಸ್ಸಿನಲ್ಲಿ ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಲಂಗದ ಅಂಚನ್ನೂ ಬಿಡುವುದಿಲ್ಲ. ಅದು ಸಿಟ್ಟಲ್ಲ. ಆಗ ಓಡದೆ ಮರದಂತೆ ನಿಲ್ಲಬೇಕು. ಓಡಿದರೆ ಮರಿಗೆ ಆಟ. ಚರ್ಮ ಗೀರಿದರೆ ಮಾತ್ರ ಸಾಬೂನು ಹಚ್ಚಿ 15 ನಿಮಿಷ ನೀರಲ್ಲಿ ತೊಳೆದು ಅಂದೇ ವೈದ್ಯರಿಗೆ ತೋರಿಸಿ.

ಓಣಿಯ ನಾಯಿಗಳ ವಿಷಯ ಬೇರೆ. ಮನೆಯ ಮರಿ ಒಗ್ಗಿತೆಂದು ಅವನ್ನು ಮುಟ್ಟಲು ಬಿಡಬೇಡಿ.