ದಶಮಾಂಶ: ಒಟ್ಟು ಭತ್ತದ ಮೇಲೋ, ಉಳಿದದ್ದರ ಮೇಲೋ?

ಪ್ರಶ್ನೆ: ನಾಲ್ಕು ಎಕರೆ ಗದ್ದೆ ಲೀಜಿಗೆ ಮಾಡಿದ್ದೇವೆ. ದಶಮಾಂಶವನ್ನು (ಆದಾಯದ ಹತ್ತನೇ ಒಂದು ಪಾಲನ್ನು ಕ್ರೈಸ್ತ ಸಭೆಗೆ ಕೊಡುವ ಕಾಣಿಕೆ) ಯಾವ ಲೆಕ್ಕದ ಮೇಲೆ ಕೊಡಬೇಕು? ಗೊಬ್ಬರದಂಗಡಿ ಉದ್ರಿ ಇನ್ನೂ ತೀರಿಲ್ಲ. ಕೊಡದಿದ್ದರೆ ಶಾಪ ಅಂತ ಕೆಲವರು ಬೈಬಲಿನ ಮಲಾಕಿಯ 3 ತೋರಿಸುತ್ತಾರೆ.
– ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ಎಕರೆಗೆ 75 ಕೆಜಿಯ 40 ಚೀಲ ಬಂದು, ಚೀಲಕ್ಕೆ 1,500 ರೂಪಾಯಿ ಸಿಕ್ಕಿತು ಅಂತಿಟ್ಟುಕೊಳ್ಳಿ. 160 ಚೀಲಕ್ಕೆ 2,40,000. ಲೀಜು ಎಕರೆಗೆ 15 ಚೀಲದಂತೆ 90,000 ಹೋಯಿತು. ಬೀಜ, ಗೊಬ್ಬರ, ಎಣ್ಣೆ (ಕೀಟನಾಶಕ), ನಾಟಿ ಕೂಲಿ, ಕೊಯ್ಲಿನ ಮಷಿನ್ ಸೇರಿ 1,00,000. ಕೈಗುಳಿದದ್ದು 50,000. ಅದರ ಹತ್ತನೇ ಒಂದು ಪಾಲು 5,000. ಒಟ್ಟಿನ ಮೇಲೆ ಹಾಕಿದರೆ 24,000, ಅಂದರೆ ಉಳಿದದ್ದರಲ್ಲಿ ಹತ್ತಿರಹತ್ತಿರ ಅರ್ಧ! ಲೀಜಿನ 60 ಚೀಲ ನಿಮ್ಮ ಕಣದಲ್ಲಿ ಬಿದ್ದರೂ ನಿಮ್ಮದಲ್ಲ. ನಮ್ಮ ಅಭಿಪ್ರಾಯದಲ್ಲಿ ಉಳಿದದ್ದೇ ನಿಮ್ಮ ಲೆಕ್ಕ. ಮೋಶೆಯ ಧರ್ಮಶಾಸ್ತ್ರ ಪಾಲು ಕೇಳಿದ್ದು ಪಿತ್ರಾರ್ಜಿತ ಹೊಲವಿದ್ದ ಇಸ್ರಾಯೇಲ್ಯರಿಂದ. ಅದರಲ್ಲೂ ಮೂರನೇ ವರ್ಷದ ದಶಮಾಂಶ ಊರಲ್ಲೇ ಉಳಿದು ಲೇವಿಯರಿಗೆ (ಸ್ವಂತ ಹೊಲದ ಪಾಲಿಲ್ಲದ, ದೇವಾಲಯದ ಸೇವೆಯ ಕುಲದವರು), ಪರದೇಶಿ, ಅನಾಥ, ವಿಧವೆಯರಿಗೆ ಸೇರುತ್ತಿತ್ತು (ಧರ್ಮೋಪದೇಶಕಾಂಡ 14:28-29).

ದಶಮಾಂಶವನ್ನೆಲ್ಲ ತನ್ನಿ ಎನ್ನುವ ಮಲಾಕಿಯ 3:10 ಓದುವವರು ಐದನೇ ವಚನವನ್ನೂ ಓದಲಿ. ಅಲ್ಲಿ ದೇವರು ನ್ಯಾಯಕ್ಕೆ ಕರೆಯುವುದು ಕೂಲಿಯವನ ಕೂಲಿಯಲ್ಲಿ ಮೋಸ ಮಾಡುವವರನ್ನು. ಹಾಗಾಗಿ ನಾಟಿ ಮಾಡಿದವರ ಬಾಕಿ ಮೊದಲು. ಉದ್ರಿಗೆ ಅಂಗಡಿಯವರೊಂದಿಗೆ ಕಂತು ಮಾತಾಡಿ. ಸಾಲ ತಂದು ಹಿಂದೆ ಕೊಡದವನನ್ನು ಕೀರ್ತನೆ 37:21 ದುಷ್ಟ ಅನ್ನುತ್ತದೆ. ಬಡ್ಡಿಗೆ ತಂದು ಕಾಣಿಕೆ ಹಾಕುವುದಂತೂ ಬೇಡವೇ ಬೇಡ. ಇಲ್ಲದ್ದರ ಲೆಕ್ಕದಿಂದಲ್ಲ, ಇರುವುದರ ಲೆಕ್ಕದಿಂದ ಕೊಟ್ಟದ್ದೇ ಒಪ್ಪಿಗೆ ಎಂದು ಅಪೊಸ್ತಲ ಪೌಲ ಬರೆದಿದ್ದಾನೆ (2 ಕೊರಿಂಥ 8:12).

ಸುಗ್ಗಿ ದುಡ್ಡು ಬಂದ ದಿನವೇ ಆ 5,000 ಬೇರೆ ಲಕೋಟೆಗೆ ಹಾಕಿಡಿ. ಆಮೇಲೆ ನೋಡೋಣ ಅಂದರೆ ಮುಂದಿನ ಬೆಳೆಯ ಯೂರಿಯಾಕ್ಕೆ ಹೋಗಿಬಿಡುತ್ತದೆ. 1 ಕೊರಿಂಥ 16:2ರಲ್ಲಿ ವಾರದ ಮೊದಲ ದಿನವೇ ತೆಗೆದಿಡಿ ಎಂದು ಹೇಳಿದೆ. ಬೆಳೆ ಚೆನ್ನಾಗಿ ಬಂದ ವರ್ಷ ಹತ್ತಕ್ಕೇ ನಿಲ್ಲಬೇಕೆಂದೇನಿಲ್ಲ. ಕಾಲುವೆ ನೀರು ಕೈಕೊಟ್ಟ ವರ್ಷ ಒಂದು ಚೀಲ ಅಕ್ಕಿ ಕೊಟ್ಟರೂ ಕಾಣಿಕೆಯೇ.

ಪ್ರಶ್ನೆ: ಸಭೆಯಲ್ಲಿ ಕಾಣಿಕೆಗೆ ರಸೀದಿ ಕೇಳಿದರೆ ಅವಿಶ್ವಾಸವೇ?
– ಓದುಗರು, ಗಂಗಾವತಿ

ಉತ್ತರ: ಅಲ್ಲ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದೆಂದು ಪೌಲನ ಜತೆಗಾರ ತೀತನೊಂದಿಗೆ ಇನ್ನಿಬ್ಬರನ್ನು ಕಳಿಸಲಾಯಿತು (2 ಕೊರಿಂಥ 8:16-22). ಪೆಟ್ಟಿಗೆಯನ್ನು ಆರಾಧನೆ ಮುಗಿದ ತಕ್ಷಣ, ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ ಪುಸ್ತಕದಲ್ಲಿ ಸಹಿ ಹಾಕಲಿ. ಹಣ ಸೋಮವಾರವೇ ಸಭೆಯ ಹೆಸರಿನ ಖಾತೆಗೆ ಹೋಗಲಿ, ಪಾಸ್ಟರ್ ಅವರ ಸ್ವಂತ ಖಾತೆಗಲ್ಲ.